ದಸರಾಕ್ಕೆ ಪ್ರಾಜೆಕ್ಟ್ ಮುಗಿಯೋ ಹಾಗಿಲ್ಲ, ಮಾಲೀಕರು ಇನ್ನೂ 4 ಜನರನ್ನು ಸೇರಿಸೋಣ ಅನ್ನುತ್ತಿದ್ದಾರೆ. ಏನು ಮಾಡಲಿ?

ಹದಡಿ ರೋಡ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್ ಆಗಿದ್ದೇನೆ. ಮುಂಚೆ ಡೆವಲಪರ್, ಈ ಏಪ್ರಿಲ್‌ನಿಂದ ಲೀಡ್. ನನ್ನನ್ನೂ ಸೇರಿಸಿ ತಂಡದಲ್ಲಿ 6 ಜನ.

ಕೆಲಸ ಏನಂದರೆ, ಎಪಿಎಂಸಿ ಯಾರ್ಡಿನ ಕೆಲವು ದಲ್ಲಾಳಿ ಅಂಗಡಿಗಳಿಗೆ ಸೇರಿ ಒಂದು ಸಾಫ್ಟ್‌ವೇರ್. ಮಾಲು ಬಂದ ಕೂಡಲೇ ಲಾಟ್ (ಒಬ್ಬ ರೈತರ ಮಾಲಿನ ರಾಶಿ) ನಮೂದು, ಲಾರಿ ತೂಗೋ ವೇಬ್ರಿಡ್ಜ್‌ನಿಂದ ನೇರ ತೂಕ, ತೇವಾಂಶದ ಕಡಿತ, ಹಮಾಲಿ ಲೆಕ್ಕ, ರೈತರಿಗೆ ಕೊಡೋ ಪಟ್ಟಿ (ಮಾರಾಟದ ಲೆಕ್ಕದ ಚೀಟಿ), ಖರೀದಿದಾರರ ಬಿಲ್, ಬಾಕಿ ಲೆಡ್ಜರ್, ಅಕೌಂಟ್ಸ್ ಸಾಫ್ಟ್‌ವೇರ್ ಟ್ಯಾಲಿಗೆ ಎಕ್ಸ್‌ಪೋರ್ಟ್, ಮೊಬೈಲ್ ಆಪ್, ವರ್ಷದ ಕೊನೆಯ ರಿಪೋರ್ಟ್. ಒಟ್ಟು 10 ಮಾಡ್ಯೂಲ್. ದಸರಾಕ್ಕೆ ಎಲ್ಲವನ್ನೂ ಕೊಡುತ್ತೇವೆ ಅಂತ ಒಪ್ಪಂದ ಆಗಿದೆ. ಹೊಸ ಮೆಕ್ಕೆಜೋಳ ಯಾರ್ಡಿಗೆ ಬರೋದು ಆಮೇಲೇ. ಬರೋಕೆ ಶುರುವಾದರೆ ಅಂಗಡಿಯವರಿಗೆ ಉಸಿರಾಡಲೂ ಪುರಸೊತ್ತು ಇರಲ್ಲ. ಹೊಸ ಸಾಫ್ಟ್‌ವೇರ್ ಕಲಿಯುವ ಮಾತಂತೂ ದೂರವೇ ಉಳಿಯಿತು.

ಕೆಲಸದ ಬೋರ್ಡ್ ನೋಡಿದರೆ ಎಲ್ಲ ಟಿಕೆಟ್ (ಒಂದೊಂದು ಸಣ್ಣ ಕೆಲಸದ ಚೀಟಿ) ಮೇಲೂ 80 ಪರ್ಸೆಂಟ್, 90 ಪರ್ಸೆಂಟ್. ಬೆಳಗಿನ ಮೀಟಿಂಗಿನಲ್ಲಿ ಕೇಳಿದರೆ "ಆಗುತ್ತೆ ಸರ್, ಸ್ವಲ್ಪ ಬಾಕಿ ಇದೆ" ಅನ್ನುತ್ತಾರೆ. ಮರುವಾರವೂ ಅದೇ ಸ್ವಲ್ಪ. ನನ್ನ ಅಂದಾಜಿನಲ್ಲಿ ದೀಪಾವಳಿ ದಾಟುತ್ತೆ.

ಮಾಲೀಕರಿಗೆ ಹೇಳಿದೆ. ಅವರು ಮೂರು ಮಾತು ಹೇಳಿದರು. ಕ್ಯಾಂಪಸ್‌ನಿಂದ 4 ಫ್ರೆಶರ್ಸ್ ತಗೊಳ್ಳೋಣ. ದಸರಾ ತನಕ ಎಲ್ಲರೂ ರಾತ್ರಿ 9ರವರೆಗೆ ಕೂರಲಿ. ಕ್ಲೈಂಟಿಗೆ ಈಗಲೇ ಏನೂ ಹೇಳಬೇಡ. ಮೂರೂ ಸರಿ ಅನ್ನಿಸುತ್ತಿಲ್ಲ. ಆದರೆ ಯಾಕೆ ಸರಿ ಇಲ್ಲ ಅಂತ ಅವರ ಎದುರು ಕೂತು ಹೇಳೋಕೆ ನನ್ನ ಹತ್ತಿರ ಮಾತಿಲ್ಲ. ಅನುಭವ ಇರೋರು ದಯವಿಟ್ಟು ಹೇಳಿ.

ಕೋಟೆ ಊರಿನವಳು

ನಾನು ದುರ್ಗದಲ್ಲಿ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಡೆಲಿವರಿ ನೋಡಿಕೊಳ್ಳುತ್ತೇನೆ. ಮೊದಲು 4 ಜನರ ವಿಷಯ ಹೇಳಿಬಿಡುತ್ತೇನೆ.

ಫ್ರೆಡ್ ಬ್ರೂಕ್ಸ್ ಅಂತ ಒಬ್ಬರಿದ್ದರು. ಐಬಿಎಂ ಕಂಪನಿಯಲ್ಲಿ ಓಎಸ್/360 ಅನ್ನೋ ಆಪರೇಟಿಂಗ್ ಸಿಸ್ಟಂನ ಭಾರಿ ಪ್ರಾಜೆಕ್ಟ್ ನಡೆಸಿದವರು. ತಡವಾಗಿರೋ ಸಾಫ್ಟ್‌ವೇರ್ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತೆ ಅಂತ 1975ರಲ್ಲೇ ಬರೆದರು. ಕಾರಣ ಸರಳ. ನಿಮ್ಮ ತಂಡದಲ್ಲಿ 6 ಜನ ಇದ್ದಾರೆ. ಇಬ್ಬಿಬ್ಬರ ನಡುವೆ ಒಂದು ಮಾತುಕತೆಯ ದಾರಿ ಅಂತ ಲೆಕ್ಕ ಹಾಕಿದರೆ 15 ದಾರಿ. 10 ಜನ ಆದರೆ 45. ಜನ ಎರಡು ಪಟ್ಟೂ ಆಗಿಲ್ಲ, ಮಾತುಕತೆ ಮೂರು ಪಟ್ಟು ಆಯಿತು. ಒಂದು ಕಾಲಮ್ಮಿನ ಹೆಸರು ಬದಲಾಯಿಸಿದರೂ ಅದು 10 ಜನರಿಗೆ ಮುಟ್ಟಬೇಕು.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಫ್ರೆಶರ್ಸ್‌ಗೆ ಕಲಿಸೋದು ಯಾರು? ನಿಮ್ಮ ತಂಡದಲ್ಲಿ ಚೆನ್ನಾಗಿ ಕೆಲಸ ಗೊತ್ತಿರೋ ಇಬ್ಬರು, ಮೂವರು. ಅಂದರೆ ಈಗ ಬರೆಯುತ್ತಿರೋರ ಕೈ ನಿಲ್ಲುತ್ತೆ, ಹೊಸಬರ ಕೈ ಇನ್ನೂ ಓಡಲ್ಲ. ದಸರಾ ಬರೋದು ಆ ನಡುವೆಯೇ. ಮಾಲೀಕರ ಎದುರು ಒಂದು ಕಾಗದದ ಮೇಲೆ ಬರೆದು ತೋರಿಸಿ: ಯಾರು, ಯಾರಿಗೆ, ಯಾವ ವಾರ ಕಲಿಸುತ್ತಾರೆ, ಆ ವಾರ ಅವರ ಯಾವ ಟಿಕೆಟ್ ನಿಲ್ಲುತ್ತೆ. ಹೆಸರು ಸಮೇತ ಬರೆದರೆ ವಾದ ಮಾಡೋ ಅವಶ್ಯಕತೆಯೇ ಬರಲ್ಲ.

ಈಗ ನನ್ನದೊಂದು ಪ್ರಶ್ನೆ. 10ರಲ್ಲಿ ನಿಜವಾಗಿ ಮುಗಿದಿರೋದು ಎಷ್ಟು? ಪರ್ಸೆಂಟ್ ಬೇಡ.

ಚಳ್ಳಕೆರೆ ಕಡೆಯವ

ನಾನು ಸಣ್ಣ ಕಂಪನಿ ನಡೆಸುತ್ತೇನೆ. ಹಾಗಾಗಿ ಮಾಲೀಕರ ಕಡೆಯಿಂದ ಎರಡು ಮಾತು. ಬೇಜಾರು ಮಾಡಿಕೊಳ್ಳಬೇಡಿ.

ಫಿಕ್ಸೆಡ್ ಪ್ರೈಸ್ ಒಪ್ಪಂದ ಅಂದರೆ ದುಡ್ಡು ಕಂತಿನಲ್ಲಿ ಬರುತ್ತೆ. ಡೆಲಿವರಿ ತಪ್ಪಿದರೆ ಕಂತು ನಿಲ್ಲುತ್ತೆ. 1ನೇ ತಾರೀಖು ಸಂಬಳ ಮಾತ್ರ ನಿಲ್ಲಿಸೋ ಹಾಗಿಲ್ಲ. "ಈಗಲೇ ಹೇಳಬೇಡ" ಅನ್ನೋದು ಆ ಭಯದಿಂದ ಬಂದ ಮಾತು, ಮೋಸದಿಂದ ಅಲ್ಲ. ಅದನ್ನು ಅರ್ಥ ಮಾಡಿಕೊಂಡು ಮಾತಾಡಿದರೆ ಅವರೂ ಕೇಳುತ್ತಾರೆ.

ಜನ ಸೇರಿಸೋದು ಯಾವಾಗಲೂ ತಪ್ಪು ಅಂತಲೂ ನಾನು ಒಪ್ಪಲ್ಲ. ಕೋಡಿಗೆ ಕೈ ಹಾಕದ ಕೆಲಸ ಬೇಕಾದಷ್ಟಿರುತ್ತೆ. ಅಂಗಡಿಯವರ ಹಳೇ ಪುಸ್ತಕದಿಂದ ರೈತರ ಹೆಸರು, ಊರು, ಬ್ಯಾಂಕ್ ಖಾತೆ ತುಂಬಿಸಬೇಕು. ಅಂಗಡಿ ಅಂಗಡಿಗೆ ಹೋಗಿ ಗುಮಾಸ್ತರಿಗೆ ಹೇಳಿಕೊಡಬೇಕು. ಅದಕ್ಕೆ ಹೊಸಬರು ಆಗುತ್ತಾರೆ.

ಕೋಟೆ ಊರಿನವಳು

ಅದು ಒಪ್ಪುತ್ತೇನೆ ಸರ್. ಬೇರೆ ಮಾಡಿ ಕೊಡಬಹುದಾದ ಕೆಲಸಕ್ಕೆ ಜನ ಸೇರಿಸಿದರೆ ಉಪಯೋಗ ಇದೆ. ಡೆವಲಪ್‌ಮೆಂಟ್ ತಂಡದೊಳಗೆ ತಂದು ಕೂರಿಸಬಾರದು ಅಷ್ಟೇ.

ಮಂಡಕ್ಕಿ ಮಿರ್ಚಿ

ನಾನು ಕೆಲಸಕ್ಕೆ ಸೇರಿದ್ದು ಹೋದ ವರ್ಷ. ಇಲ್ಲಿ ಎಲ್ಲ ಹಿರಿಯರು ಮಾತಾಡುತ್ತಿದ್ದೀರಿ, ಆದರೂ "ಆಗುತ್ತೆ ಸರ್" ಅನ್ನೋರ ಕಡೆಯಿಂದ ಹೇಳಬೇಕು ಅನ್ನಿಸಿತು.

ನಾವು ಸುಳ್ಳು ಹೇಳಬೇಕು ಅಂತ ಹಾಗೆ ಹೇಳಲ್ಲ. ಶಾಲೆಯಿಂದ ಇಂಜಿನಿಯರಿಂಗ್ ತನಕ "ಆಗಿಲ್ಲ ಸರ್" ಅಂದರೆ ಎದ್ದು ನಿಲ್ಲಬೇಕಿತ್ತು. ವೈವಾದಲ್ಲಿ ಗೊತ್ತಿಲ್ಲ ಅಂದರೆ ಮಾರ್ಕ್ಸ್ ಹೋಗುತ್ತಿತ್ತು. ಆಫೀಸಿಗೆ ಬಂದ ಮೇಲೆ ಬೆಳಗ್ಗೆ 6 ಜನರ ಮುಂದೆ "ನಿನ್ನದು ಎಲ್ಲಿಗೆ ಬಂತು?" ಅಂತ ಕೇಳಿದರೆ ಬಾಯಿಗೆ ಬರೋದು ಅದೇ ಮಾತು. ಇನ್ನೊಂದು, ಎಷ್ಟೋ ಸಲ ಏನು ಬಾಕಿ ಇದೆ ಅಂತ ನಮಗೇ ಗೊತ್ತಿರಲ್ಲ. ಸ್ಕ್ರೀನ್ ಮೇಲೆ ಬಂತು ಅಂದರೆ ಮುಗಿಯಿತು ಅಂದುಕೊಂಡಿರುತ್ತೇವೆ.

ನನ್ನ ಈಗಿನ ಲೀಡ್ ಒಬ್ಬರು ಅಕ್ಕ. ಅವರು "ಎಷ್ಟು ಆಯ್ತು?" ಅಂತ ಕೇಳೋದೇ ಇಲ್ಲ. "ಎಲ್ಲಿ ಸಿಕ್ಕಿಹಾಕಿಕೊಂಡಿದೀಯಾ ತೋರಿಸು" ಅಂತ ಪಕ್ಕದಲ್ಲಿ ಬಂದು ಕೂರುತ್ತಾರೆ. ಮೊದಲ ದಿನವೇ ತಮಗೆ ಗೊತ್ತಿಲ್ಲದ ಒಂದು ವಿಷಯ ನನ್ನ ಹತ್ತಿರ ಕೇಳಿ ತಿಳಿದುಕೊಂಡರು. ಅವರ ಹತ್ತಿರ ಆಗಿಲ್ಲ ಅನ್ನೋಕೆ ನನಗೆ ಭಯ ಆಗಲ್ಲ.

ಹಳೇ ಟೆಸ್ಟರ್

ತಮ್ಮಾ, ಈ ಥ್ರೆಡ್ಡಿನಲ್ಲಿ ಅತಿ ಮುಖ್ಯವಾದ ಮಾತು ನಿನ್ನದು. ಅದರ ಮೇಲೆ ಸ್ವಲ್ಪ ಉದ್ದ ಬರೆಯುತ್ತೇನೆ.

ಏಮಿ ಎಡ್ಮಂಡ್ಸನ್ ಅಂತ ಅಮೆರಿಕದ ಸಂಶೋಧಕಿ. 1990ರ ದಶಕದಲ್ಲಿ ಆಸ್ಪತ್ರೆಗಳ ನರ್ಸಿಂಗ್ ತಂಡಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ಔಷಧಿ ಕೊಡುವಾಗ ಆಗೋ ತಪ್ಪು ಕಡಿಮೆ ಇರುತ್ತೆ ಅಂತ ಅಂದುಕೊಂಡು ಹೊರಟರು. ಲೆಕ್ಕ ತಿರುಗುಮುರುಗಾಗಿ ಬಂತು. ಒಳ್ಳೆಯ ನಾಯಕತ್ವ ಇದ್ದ ತಂಡಗಳಲ್ಲೇ ವರದಿಯಾದ ತಪ್ಪು ಜಾಸ್ತಿ. ಆಮೇಲೆ ಬಿಡಿಸಿ ನೋಡಿದಾಗ ಗೊತ್ತಾಗಿದ್ದು, ಅಲ್ಲಿನವರು ತಪ್ಪನ್ನು ಬಚ್ಚಿಡದೆ ಹೇಳುತ್ತಿದ್ದರು, ಉಳಿದ ಕಡೆ ಬಾಯಿ ಮುಚ್ಚಿಕೊಂಡಿದ್ದರು. ಗೂಗಲ್ 2012ರಲ್ಲಿ ಶುರು ಮಾಡಿದ ಅಧ್ಯಯನದಲ್ಲೂ, 180ಕ್ಕೂ ಹೆಚ್ಚು ತಂಡಗಳನ್ನು ನೋಡಿದ ಮೇಲೆ, ಮೊದಲ ಸ್ಥಾನಕ್ಕೆ ಬಂದದ್ದು ಇದೇ: ಬೈಸಿಕೊಳ್ಳೋ ಭಯ ಇಲ್ಲದೆ ಮಾತಾಡೋಕೆ ಆಗುತ್ತಾ ಇಲ್ಲವಾ ಅನ್ನೋದು.

ಹಾಗಾಗಿ ಹದಡಿ ರೋಡ್ ಅವರೇ, ನಿಮ್ಮ ಬೋರ್ಡಿನಲ್ಲಿ ಬಗ್ (ಕೋಡಿನ ತಪ್ಪು) ಕಡಿಮೆ ಇದೆ ಅಂತ ಸಮಾಧಾನ ಪಡಬೇಡಿ. ಯಾರೂ ಹೇಳುತ್ತಿಲ್ಲ ಅಂತಲೂ ಇರಬಹುದು.

ಈಗ ಕೆಲಸದ ವಿಷಯ. ಪರ್ಸೆಂಟ್ ಇರೋ ಕಾಲಮ್ಮನ್ನು ಇವತ್ತೇ ಬೋರ್ಡಿನಿಂದ ತೆಗೆದುಹಾಕಿ. ಟಿಕೆಟಿಗೆ ಎರಡೇ ಸ್ಥಿತಿ, ಮುಗಿದಿದೆ ಅಥವಾ ಮುಗಿದಿಲ್ಲ. ಮುಗಿದಿದೆ ಅನ್ನೋಕೆ ಏನೇನು ಆಗಿರಬೇಕು ಅಂತ ಗೋಡೆಗೆ ಬರೆದು ಹಾಕಿ. ನಿಮ್ಮ ಪ್ರಾಜೆಕ್ಟಿಗೆ ನಾನಾದರೆ ಹೀಗೆ ಬರೆಯುತ್ತಿದ್ದೆ: ಇನ್ನೊಬ್ಬರು ಕೋಡ್ ನೋಡಿರಬೇಕು, ಮೇನ್ ಬ್ರಾಂಚಿಗೆ ಮರ್ಜ್ ಆಗಿರಬೇಕು (ತಂಡದ ಮುಖ್ಯ ಕೋಡಿಗೆ ಸೇರಿರಬೇಕು), ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಓಡಿರಬೇಕು, ಅಂಗಡಿಯ ಪ್ರಿಂಟರಿನಲ್ಲೇ ಪ್ರಿಂಟ್ ಬಂದಿರಬೇಕು. ಯಾರ್ಡಿನಲ್ಲಿ ಈಗಲೂ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೇ ಅಲ್ವಾ? ನಿಮ್ಮ ಆಫೀಸಿನ ಲೇಸರ್ ಪ್ರಿಂಟರಿನಲ್ಲಿ ಬಂದದ್ದು ಲೆಕ್ಕಕ್ಕಿಲ್ಲ.

2001ರ ಫೆಬ್ರವರಿಯಲ್ಲಿ ಅಮೆರಿಕದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ ಅಜೈಲ್ (ಸಾಫ್ಟ್‌ವೇರನ್ನು ಸಣ್ಣ ಸಣ್ಣ ಕಂತಿನಲ್ಲಿ ಮಾಡೋ ಪದ್ಧತಿ) ಪ್ರಣಾಳಿಕೆ ಬರೆದರಲ್ಲ, ಅದರ ಜೊತೆ 12 ತತ್ವ ಇವೆ. ಓಡುತ್ತಿರೋ ಸಾಫ್ಟ್‌ವೇರೇ ಪ್ರಗತಿಯ ಮುಖ್ಯ ಅಳತೆ ಅನ್ನೋದು ಅದರಲ್ಲಿ ಒಂದು. ಉಳಿದ 11 ಮರೆತರೂ ಇದೊಂದನ್ನು ಬಿಡಬೇಡಿ.

ಹದಡಿ ರೋಡ್

ಎಲ್ಲರಿಗೂ ತುಂಬ ಥ್ಯಾಂಕ್ಸ್. ಹಳೇ ಟೆಸ್ಟರ್ ಹೇಳಿದ್ದನ್ನು ಮಾಡಿ ನೋಡಿದೆ. ಲ್ಯಾಪ್‌ಟಾಪ್ ತಗೊಂಡು ಇಡೀ ತಂಡ ಒಂದು ಅಂಗಡಿಗೆ ಹೋದೆವು. ಯಾರನ್ನೂ ಬೈಯಲ್ಲ, ಏನು ಓಡಲ್ಲ ಅಂತ ತಿಳಿದುಕೊಳ್ಳೋಕೆ ಮಾತ್ರ ಬಂದಿದ್ದೇವೆ ಅಂತ ಹೋಗುವಾಗಲೇ ಹೇಳಿದ್ದೆ.

ರೈತರ ಪಟ್ಟಿ 90 ಪರ್ಸೆಂಟ್ ಅಂತ ಇತ್ತು. ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಪ್ರಿಂಟ್ ಕೊಟ್ಟೆವು. ಸಾಲಿನ ಎತ್ತರ ಸಾಲದೆ ಒತ್ತಕ್ಷರ ಎಲ್ಲ ಕತ್ತರಿಸಿ ಹೋಗಿತ್ತು. ಹಾಲಪ್ಪ ಅನ್ನೋದು ಹಾಲಪ ಆಗಿ ಬಂತು. ಗುಮಾಸ್ತರು ಕನ್ನಡಕ ಏರಿಸಿ ನೋಡಿ, "ಹೆಸರು ತಪ್ಪಾದರೆ ರೈತರು ಪಟ್ಟಿ ಮುಟ್ಟಲ್ಲ ಸ್ವಾಮಿ" ಅಂದರು. ತೇವಾಂಶದ ಕಡಿತ ನಾವು ಲಾಟಿಗೆ ಒಟ್ಟು ಹಾಕಿದ್ದೆವು, ಆ ಅಂಗಡಿಯಲ್ಲಿ ಹಾಕೋದು ಕ್ವಿಂಟಲ್ ಲೆಕ್ಕದಲ್ಲಿ. ಪೈಸೆ ರೌಂಡ್ ಮಾಡೋದರಲ್ಲಿ ವ್ಯತ್ಯಾಸ ಬಂದು ಮೊತ್ತವೇ ಹೊಂದಲಿಲ್ಲ.

10ರಲ್ಲಿ ಶುರುವಿನಿಂದ ಕೊನೇತನಕ ಓಡಿದ್ದು 3: ಲಾಟ್, ಹಮಾಲಿ ಲೆಕ್ಕ, ಖರೀದಿದಾರರ ಬಿಲ್.

ಇನ್ನೊಂದು ಹೊಸ ತಲೆನೋವು. ವೇಬ್ರಿಡ್ಜ್ ಯಂತ್ರದಿಂದ ಸೀರಿಯಲ್ ಪೋರ್ಟ್ ಮೂಲಕ ತೂಕ ಓದೋ ಕೋಡ್ ಪೂರ್ತಿ ಒಬ್ಬ ಹುಡುಗನ ಕೈಯಲ್ಲಿದೆ. ವಾಪಸ್ ಬರುವಾಗ ಅವನೇ ಹೇಳಿದ, ಬೆಂಗಳೂರಿನಿಂದ ಆಫರ್ ಬಂದಿದೆ, ಇನ್ನೂ ಒಪ್ಪಿಲ್ಲ ಅಂತ. ಇಷ್ಟು ದಿನ ಹೇಳಿರಲಿಲ್ಲ.

ಭದ್ರಾ ನಾಲೆ

ಇಷ್ಟು ಹೊತ್ತು ಓದುತ್ತಿದ್ದೆ. ಬೆಂಗಳೂರಿನಲ್ಲಿ ಬಹಳ ವರ್ಷ ಇದ್ದು ಈಗ ಊರಿಗೆ ವಾಪಸ್ ಬಂದಿದ್ದೇನೆ.

ಆ ಹುಡುಗ ನಿಮಗೆ ಆಫರ್ ವಿಷಯ ಬಾಯಿಬಿಟ್ಟು ಹೇಳಿದನಲ್ಲ, ಅದನ್ನು ದೊಡ್ಡ ಸಂಗತಿ ಅಂತ ತಿಳಿಯಿರಿ. ಕೋಪ ಮಾಡಿಕೊಳ್ಳಬೇಡಿ, ಮಾಲೀಕರಿಗೆ ಹೇಳಿ ಅವನ ಮೇಲೆ ಒತ್ತಡ ಹಾಕಿಸಬೇಡಿ. 1951ರಲ್ಲೇ ಇಂಜಿನಿಯರಿಂಗ್ ಕಾಲೇಜು ಬಂದ ಊರು ನಮ್ಮ ದಾವಣಗೆರೆ. ಓದಿದ ಮಕ್ಕಳು ಬೆಂಗಳೂರಿಗೆ ರೈಲು ಹತ್ತೋದು ಹೊಸದಲ್ಲ. ಯಾರೂ ಹೋಗದ ಹಾಗೆ ಮಾಡೋದು ಲೀಡ್ ಕೈಯಲ್ಲಿಲ್ಲ. ಒಬ್ಬರು ಹೋದರೆ ಕೆಲಸ ನಿಲ್ಲದ ಹಾಗೆ ಮಾಡೋದು ಪೂರ್ತಿ ಲೀಡ್ ಕೈಯಲ್ಲೇ ಇದೆ.

ನಾಳೆಯಿಂದ ವೇಬ್ರಿಡ್ಜ್ ಕೋಡನ್ನು ಆ ಹುಡುಗ ಮುಟ್ಟಬಾರದು. ಇನ್ನೊಬ್ಬರು ಕೀಬೋರ್ಡ್ ಹಿಡಿಯಲಿ, ಅವನು ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಲಿ. ಯಂತ್ರ ಯಾವ ಬಾಡ್ ರೇಟಿನಲ್ಲಿ (ಮಾಹಿತಿ ಕಳಿಸೋ ವೇಗ) ಕಳಿಸುತ್ತೆ, ತೂಕ ಸ್ಥಿರ ಆಗೋ ಮುಂಚೆ ಬರೋ ಅಂಕಿಗಳನ್ನು ಹೇಗೆ ಬಿಡಬೇಕು, ಕೇಬಲ್ ಕಿತ್ತರೆ ಏನಾಗುತ್ತೆ. ಇದನ್ನೆಲ್ಲ ಡಾಕ್ಯುಮೆಂಟ್ ಬರಿ ಅಂದರೆ ಯಾರೂ ಬರೆಯಲ್ಲ, ಬರೆದರೂ ಯಾರೂ ಓದಲ್ಲ. ಕೈಯಿಂದ ಕೈಗೆ ಹೋದರೆ ಮಾತ್ರ ಉಳಿಯುತ್ತೆ. ಮೊದಲ ಕೆಲವು ದಿನ ನಿಧಾನ ಅನ್ನಿಸುತ್ತೆ. ಇರಲಿ.

ಎರಡನೇದು. ನಿಮ್ಮ ಬೋರ್ಡಿನಲ್ಲಿ "ನಡೀತಿದೆ" ಅನ್ನೋ ಕಾಲಮ್ಮಿನಲ್ಲಿ ಎಷ್ಟು ಟಿಕೆಟ್ ಇವೆ?

ಹದಡಿ ರೋಡ್

18 ಇವೆ ಸರ್. ಹೊಸ ಲೆಕ್ಕದಲ್ಲಿ ನಿಜವಾಗಿ ಮುಗೀತಿರೋದು ವಾರಕ್ಕೆ ಸುಮಾರು 3.

ಭದ್ರಾ ನಾಲೆ

ಅಲ್ಲೇ ಇದೆ ನೋಡಿ.

ಜಾನ್ ಲಿಟಲ್ ಅನ್ನೋರು 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದ ಒಂದು ನಿಯಮ ಇದೆ. ಒಳಗೆ ಎಷ್ಟು ಕೆಲಸ ಇದೆಯೋ ಅದನ್ನು ಎಷ್ಟು ವೇಗವಾಗಿ ಮುಗೀತಿದೆಯೋ ಅದರಿಂದ ಭಾಗಿಸಿ. ಒಂದು ಕೆಲಸ ಒಳಗೆ ಹೋಗಿ ಹೊರಗೆ ಬರೋಕೆ ತಗೊಳ್ಳೋ ಸರಾಸರಿ ಸಮಯ ಸಿಗುತ್ತೆ. ನಿಮ್ಮಲ್ಲಿ 18ನ್ನು 3ರಿಂದ ಭಾಗಿಸಿದರೆ 6 ವಾರ. ಇವತ್ತು ಕೈಗೆತ್ತಿಕೊಂಡ ಟಿಕೆಟ್ ಹೊರಬರೋಕೆ ಒಂದೂವರೆ ತಿಂಗಳು. 6 ಟಿಕೆಟ್ ಮಾತ್ರ ತೆರೆದಿಟ್ಟರೆ 2 ವಾರ. ಒಟ್ಟು ವೇಗ ಅದರಿಂದಲೇ ಹೆಚ್ಚುತ್ತೆ ಅಂತ ನಾನು ಹೇಳುತ್ತಿಲ್ಲ. ಆದರೆ ಒಂದು ತಲೆಯಲ್ಲಿ ಮೂರು ಕೆಲಸ ಇಟ್ಟುಕೊಂಡು ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಹಾರೋದು ತಪ್ಪುತ್ತೆ. ಒಂದು ಟಿಕೆಟ್ ನಿಂತರೆ ಆ ದಿನವೇ ಕಣ್ಣಿಗೆ ಬೀಳುತ್ತೆ.

ನಾಲೆಯ ಎಲ್ಲ ತೂಬುಗಳನ್ನೂ ಒಟ್ಟಿಗೆ ತೆರೆದರೆ ಕೊನೇ ಭಾಗದ ಗದ್ದೆಗೆ ನೀರು ತಲುಪಲ್ಲ ಅಂತ ನಮ್ಮ ಕಡೆ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಸರದಿ ಹಾಕುತ್ತಾರೆ. ನೀವೂ ಸರದಿ ಹಾಕಿ. 6 ಜನಕ್ಕೆ 6 ಟಿಕೆಟ್, ಸಾಧ್ಯ ಆದರೆ ಇನ್ನೂ ಕಡಿಮೆ. ಒಂದು ಮುಗಿಯೋ ತನಕ ಇನ್ನೊಂದು ಬೇಡ. ಕೈ ಖಾಲಿ ಆದವರು ಹೊಸ ಟಿಕೆಟ್ ತಗೊಳ್ಳದೆ ಪಕ್ಕದವರ ಟಿಕೆಟಿಗೆ ಕೈ ಜೋಡಿಸಲಿ.

ಮಂಡಕ್ಕಿ ಮಿರ್ಚಿ

ಸರ್, ಹಾಗಾದರೆ ಬೆಳಗಿನ ಮೀಟಿಂಗ್ ಹೇಗೆ ನಡೆಸಬೇಕು? ನಮ್ಮಲ್ಲಿ ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀಯಾ, ಏನು ಅಡ್ಡಿ ಅಂತ ಸಾಲಾಗಿ ಹಾಜರಿ ಹಾಕಿದ ಹಾಗೆ ಹೇಳುತ್ತೇವೆ.

ಕೋಟೆ ಊರಿನವಳು

ಆ ಮೂರು ಪ್ರಶ್ನೆಗಳನ್ನು ಸ್ಕ್ರಮ್ ಅನ್ನೋ ಕೆಲಸದ ಪದ್ಧತಿಯ ಕೈಪಿಡಿ ಸ್ಕ್ರಮ್ ಗೈಡ್‌ನಿಂದಲೇ 2020ರಲ್ಲಿ ಕೈಬಿಟ್ಟಿದ್ದಾರೆ. ಮೀಟಿಂಗ್ 15 ನಿಮಿಷ ಅನ್ನೋದು ಮಾತ್ರ ಹಾಗೇ ಇದೆ. ನಾನು ಮಾಡೋದು ಹೀಗೆ. ಜನರ ಸಾಲು ಬಿಟ್ಟು ಬೋರ್ಡಿನ ಸಾಲು ಹಿಡಿಯುತ್ತೇನೆ. ಮುಗಿಯೋಕೆ ಅತಿ ಹತ್ತಿರ ಇರೋ ಟಿಕೆಟಿನಿಂದ ಶುರು. "ಇದು ಇವತ್ತು ಮುಗೀಬೇಕಾದರೆ ಯಾರು ಏನು ಮಾಡಬೇಕು?" ಒಂದೇ ಪ್ರಶ್ನೆ. ಆಗ ಮಾತು ಕೆಲಸದ ಮೇಲೆ ಇರುತ್ತೆ, ಯಾರ ಮೇಲೂ ಬೀಳಲ್ಲ. ಲೀಡ್ ಕಡೆ ಮುಖ ಮಾಡಿ ವರದಿ ಒಪ್ಪಿಸೋದು ತಾನಾಗಿ ನಿಲ್ಲುತ್ತೆ.

ಚಳ್ಳಕೆರೆ ಕಡೆಯವ

ಇದೆಲ್ಲ ಚೆನ್ನಾಗಿದೆ. ಆದರೆ ರಾತ್ರಿ 9ರ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಾನೂ ನನ್ನ ಹುಡುಗರನ್ನು ಕೂರಿಸಿದ್ದೇನೆ. ಸೀಸನ್ ಇದ್ದಾಗ ಎಣ್ಣೆ ಮಿಲ್ಲಿನವರು ಕೂರಲ್ವಾ? ಯಾರು ಎಷ್ಟು ಹೊತ್ತು ಕೂತರು, ದಿನಕ್ಕೆ ಎಷ್ಟು ಕಮಿಟ್ (ಕೋಡಿನ ಬದಲಾವಣೆ ಸೇರಿಸೋದು) ಹಾಕಿದರು ಅಂತ ನೋಡದೆ ಇದ್ದರೆ ಕೆಲಸ ಆಗುತ್ತಾ?

ಹಳೇ ಟೆಸ್ಟರ್

ಮಿಲ್ಲಿನಲ್ಲಿ ಎರಡು ತಾಸು ಜಾಸ್ತಿ ಓಡಿಸಿದರೆ ಎರಡು ತಾಸಿನ ಎಣ್ಣೆ ಜಾಸ್ತಿ ಬರುತ್ತೆ ಸರ್. ಕೋಡಿನಲ್ಲಿ ರಾತ್ರಿ 8 ಗಂಟೆಗೆ ಸುಸ್ತಾದ ಕಣ್ಣಿನಲ್ಲಿ ಬರೆದ 20 ಸಾಲನ್ನು ಮರುದಿನ ಬೆಳಗ್ಗೆ ಎಲ್ಲ ಹುಡುಕಿ ಸರಿ ಮಾಡಬೇಕಾಗುತ್ತೆ. ಅದು ನನ್ನ ಹತ್ತಿರ ಬಗ್ ಆಗಿ ಬರುತ್ತೆ, ನಾನು ಬರೆದಿಡುತ್ತೇನೆ, ಇನ್ನೊಬ್ಬರು ಓದುತ್ತಾರೆ, ಬರೆದವನು ಮತ್ತೆ ಬಿಡಿಸಿ ನೋಡುತ್ತಾನೆ. ರಿಲೀಸ್ ಹಿಂದಿನ ಒಂದೆರಡು ದಿನ ತಂಡವೇ ಒಪ್ಪಿ ಕೂತರೆ ಅದು ಬೇರೆ. ತಿಂಗಳುಗಟ್ಟಲೆ ಕೂರಿಸಿದರೆ ಕೆಲಸ ನಡೀತಿದೆ ಅನ್ನೋ ಸಮಾಧಾನ ಮಾತ್ರ ನಿಮಗೆ ಸಿಗುತ್ತೆ. ಆ ಬೆಂಗಳೂರಿನ ಆಫರ್ ಹುಡುಗನೂ ಅವತ್ತೇ ಸಹಿ ಹಾಕುತ್ತಾನೆ.

ಕಮಿಟ್ ಎಣಿಸೋದರ ಬಗ್ಗೆ ಒಂದು ಹಳೇ ಪ್ರಸಂಗ ಹೇಳುತ್ತೇನೆ. 1982ರಲ್ಲಿ ಆಪಲ್ ಕಂಪನಿಯ ಲಿಸಾ ಕಂಪ್ಯೂಟರ್ ತಂಡದಲ್ಲಿ ಪ್ರತಿ ವಾರ ಎಷ್ಟು ಸಾಲು ಕೋಡ್ ಬರೆದಿರಿ ಅಂತ ಫಾರ್ಮ್ ತುಂಬಿಸಿಕೊಳ್ಳೋಕೆ ಶುರು ಮಾಡಿದರು. ಬಿಲ್ ಆಟ್ಕಿನ್ಸನ್ ಆ ವಾರ ಗ್ರಾಫಿಕ್ಸ್‌ನ ಒಂದು ಭಾಗವನ್ನು ಹೊಸದಾಗಿ ಯೋಚಿಸಿ ಬರೆದಿದ್ದರು. ಮೊದಲಿಗಿಂತ ಎಷ್ಟೋ ಪಟ್ಟು ವೇಗ ಬಂತು, ಸುಮಾರು 2000 ಸಾಲು ಕಡಿಮೆಯೂ ಆಯಿತು. ಫಾರ್ಮಿನಲ್ಲಿ ಮೈನಸ್ 2000 ಅಂತ ತುಂಬಿದರು. ಕೆಲವು ವಾರ ಕಳೆದ ಮೇಲೆ ಅವರ ಹತ್ತಿರ ಫಾರ್ಮ್ ಕೇಳೋದನ್ನೇ ಮ್ಯಾನೇಜರುಗಳು ಬಿಟ್ಟರು. ಅಂಥ ವಾರವನ್ನು ನಿಮ್ಮ ಕಮಿಟ್ ಲೆಕ್ಕದಲ್ಲಿ ಎಲ್ಲಿ ಬರೆಯುತ್ತೀರಿ?

ಎಣಿಸಲೇಬೇಕು ಅಂದರೆ ತಂಡದ ಲೆಕ್ಕ ಎಣಿಸಿ. ವಾರಕ್ಕೆ ಎಷ್ಟು ಟಿಕೆಟ್ ಅಂಗಡಿಯಲ್ಲಿ ಓಡಿದವು, ಎಷ್ಟು ವಾಪಸ್ ಬಂದವು. ಅಷ್ಟು ಸಾಕು.

ಚಳ್ಳಕೆರೆ ಕಡೆಯವ

ಸರಿ ಮೇಡಂ, ಯೋಚನೆ ಮಾಡುತ್ತೇನೆ. ವಾಪಸ್ ಬಂದ ಟಿಕೆಟ್ ಲೆಕ್ಕ ನಾನು ಇದುವರೆಗೆ ಇಟ್ಟೇ ಇಲ್ಲ.

ಕ್ಲೈಂಟಿಗೆ ಹೇಳೋ ವಿಷಯದಲ್ಲಿ ನನ್ನ ಸಲಹೆ ಇದು. ಹೇಳಿ, ಆದರೆ ಬರೀ ಕೈಯಲ್ಲಿ ಹೋಗಬೇಡಿ. "ಆಗಲ್ಲ" ಅಂತ ಮಾತ್ರ ಹೇಳಿದರೆ ಯಾವ ವ್ಯಾಪಾರಿಯೂ ಕೇಳಲ್ಲ. "ಇಷ್ಟು ಆಗಿದೆ, ಇಷ್ಟು ಆಗುತ್ತೆ, ಯಾವುದು ಮೊದಲು ಬೇಕು ನೀವೇ ಹೇಳಿ" ಅಂದರೆ ಕೂತು ಮಾತಾಡುತ್ತಾರೆ. ಅವರೂ ದಿನಾ ಇದೇ ಮಾಡೋರು. ಲಾರಿ ತಡವಾದರೆ ಬೆಳಗ್ಗೆಯೇ ಫೋನ್ ಮಾಡಿದವನ ಜೊತೆ ವ್ಯಾಪಾರ ಮುಂದುವರಿಯುತ್ತೆ. ಸಂಜೆ ತನಕ ಫೋನ್ ಎತ್ತದವನ ಜೊತೆ ಮುಂದುವರಿಯಲ್ಲ.

ಭದ್ರಾ ನಾಲೆ

ಇವರು ಹೇಳಿದ್ದು ಲಕ್ಷ ರೂಪಾಯಿ ಮಾತು. ಮೆಕ್ಕೆಜೋಳದ ಸೀಸನ್ ಶುರುವಾದ ದಿನ ಅಂಗಡಿಯಲ್ಲಿ ಏನಿಲ್ಲದಿದ್ದರೆ ವ್ಯಾಪಾರ ನಿಲ್ಲುತ್ತೆ? ಲಾಟ್, ತೂಕ, ತೇವಾಂಶ, ರೈತರ ಪಟ್ಟಿ, ಖರೀದಿದಾರರ ಬಿಲ್. ಈ 5. ಹಮಾಲಿ ಲೆಕ್ಕ ಹೇಗೂ ಆಗಿದೆ. ವರ್ಷದ ಕೊನೆಯ ರಿಪೋರ್ಟ್ ಮಾರ್ಚ್ 31ಕ್ಕೆ ತಾನೇ ಬೇಕಾಗೋದು? ಮೊಬೈಲ್ ಆಪ್ ಇಲ್ಲದೆ ಇಷ್ಟು ವರ್ಷ ನಡೆದಿದೆ. ಟ್ಯಾಲಿಗೆ ಕೆಲವು ವಾರ ಅಕೌಂಟೆಂಟ್ ಕೈಯಲ್ಲೇ ಎಂಟ್ರಿ ಹಾಕುತ್ತಾರೆ. ಬಾಕಿ ಲೆಡ್ಜರ್ ವಿಷಯ ಮಾತ್ರ ಕೇಳಿ ನೋಡಿ. ಅಡ್ವಾನ್ಸ್ ಕೊಟ್ಟ ರೈತರ ಲೆಕ್ಕ ಹಳೇ ಪುಸ್ತಕದಲ್ಲೇ ಇದ್ದರೆ ಸಾಕೋ ಬೇಡವೋ ಅವರೇ ಹೇಳಬೇಕು.

ದಿನಾಂಕ ಕೊಡುವಾಗ ಒಂದೇ ದಿನ ಹೇಳಬೇಡಿ. ಈ 5ರಲ್ಲಿ ಉಳಿದ ಟಿಕೆಟ್ ಎಣಿಸಿ. ವಾರಕ್ಕೆ 3 ಮುಗಿದರೆ ಎಷ್ಟು ವಾರ, ಕೆಟ್ಟ ವಾರದಲ್ಲಿ 2 ಮುಗಿದರೆ ಎಷ್ಟು ವಾರ ನೋಡಿ. ಎರಡೂ ತುದಿ ಹೇಳಿ. ಪ್ರತಿ ವಾರ ಆ ಅಂತರ ಎಷ್ಟು ಕಡಿಮೆಯಾಯಿತು ಅಂತ ತೋರಿಸುತ್ತಾ ಹೋಗಿ.

ಕೋಟೆ ಊರಿನವಳು

ಮಾಲೀಕರ ಹತ್ತಿರ ಮೊದಲು ಒಪ್ಪಿಗೆ ತಗೊಳ್ಳಿ. ಅವರನ್ನು ಬಿಟ್ಟು ಕ್ಲೈಂಟ್ ಹತ್ತಿರ ಹೋಗಬೇಡಿ, ಅದು ಬೇರೆಯದೇ ರಗಳೆ ಆಗುತ್ತೆ. ಕಳಿಸೋಕೆ ಒಂದು ಕರಡು ಹಾಕಿದ್ದೇನೆ, ಬೇಕಾದ ಹಾಗೆ ತಿದ್ದಿಕೊಳ್ಳಿ:

"ನಮಸ್ಕಾರ. ದಸರಾಕ್ಕೆ 10 ಮಾಡ್ಯೂಲುಗಳನ್ನೂ ಕೊಡಲು ನಮ್ಮಿಂದ ಆಗುವುದಿಲ್ಲ. ಇವತ್ತಿಗೆ ನಿಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಪೂರ್ತಿ ಓಡುತ್ತಿರುವುದು 3. ಹೊಸ ಮೆಕ್ಕೆಜೋಳ ಬರುವ ಮುಂಚೆ ತೂಕ, ತೇವಾಂಶ, ರೈತರ ಪಟ್ಟಿ ಈ ಮೂರನ್ನು ಮುಗಿಸಿ ಕೊಡುವುದು ನಮ್ಮ ಮೊದಲ ಕೆಲಸ. ಉಳಿದ 4 ಯಾವ ಸಾಲಿನಲ್ಲಿ ಬೇಕು ಎಂದು ನೀವು ತೀರ್ಮಾನಿಸಿ ಹೇಳಬೇಕು. ಪ್ರತಿ ಶನಿವಾರ ನಿಮ್ಮ ಅಂಗಡಿಗೇ ಬಂದು, ಆ ವಾರ ಮುಗಿದದ್ದನ್ನು ನಿಮ್ಮ ಪ್ರಿಂಟರಿನಲ್ಲೇ ತೋರಿಸುತ್ತೇವೆ. ಕೂತು ಮಾತಾಡಲು ಯಾವ ದಿನ ಬರಲಿ ಎಂದು ತಿಳಿಸಿ."

ಕಾರಣಗಳನ್ನು ಉದ್ದಕ್ಕೆ ಬರೆಯಬೇಡಿ. ಕೇಳಿದರೆ ಎದುರಿಗೆ ಹೇಳಿ. ತಂಡದ ಯಾರ ಹೆಸರೂ ಅದರಲ್ಲಿ ಬರಬಾರದು.

ಹದಡಿ ರೋಡ್

ಸ್ವಲ್ಪ ದಿನ ಬಿಟ್ಟು ಬರೆಯುತ್ತಿದ್ದೇನೆ.

ಮಾಲೀಕರ ಜೊತೆ ಕೂತೆ. ಯಾರು ಯಾರಿಗೆ ಕಲಿಸಬೇಕು ಅನ್ನೋ ಕಾಗದ ತೋರಿಸಿದೆ, ಒತ್ತಕ್ಷರ ಕತ್ತರಿಸಿದ ಪ್ರಿಂಟನ್ನೂ ತೋರಿಸಿದೆ. ಆ ಪ್ರಿಂಟ್ ನೋಡಿ ಬಹಳ ಹೊತ್ತು ಸುಮ್ನಿದ್ದರು. ಆಮೇಲೆ ಕ್ಲೈಂಟ್ ಮೀಟಿಂಗಿಗೆ ತಾವೂ ಬರುತ್ತೇನೆ ಅಂದರು. ಬಂದರು. ಅಂಗಡಿಯವರಲ್ಲಿ ಇಬ್ಬರಿಗೆ ಸಿಟ್ಟು ಬಂತು, ನಿಜ. ಒಬ್ಬರಂತೂ ಮುಂದಿನ ಕಂತು ಕೊಡಲ್ಲ ಅಂತಲೇ ಹೇಳಿದರು. ಕೊನೆಗೆ ಎಲ್ಲರೂ ಸೇರಿ ಒಪ್ಪಿದ್ದು: ಆ 5 ಓಡಿದ ದಿನ ಅರ್ಧ ಕಂತು, ಬಾಕಿ ಲೆಡ್ಜರ್ ಕೊಟ್ಟ ಮೇಲೆ ಉಳಿದರ್ಧ. ಮೊಬೈಲ್ ಆಪ್ ಯುಗಾದಿ ತನಕ ಕೇಳಲ್ಲ ಅಂದರು. ನಾವು ಅದರ ಮೇಲೆ ಒಬ್ಬರನ್ನು ಪೂರ್ತಿ ಕೂರಿಸಿದ್ದೆವು. ಅವರು ಈಗ ತೇವಾಂಶದ ಕಡಿತ ನೋಡುತ್ತಿದ್ದಾರೆ.

ರಾತ್ರಿ 9ರ ಮಾತು ನಿಂತಿದೆ. ಬೋರ್ಡಿನಲ್ಲಿ ಈಗ 6 ಟಿಕೆಟ್. ಪರ್ಸೆಂಟ್ ತೆಗೆದ ಮೇಲೆ ಮೊದಲ ವಾರ ಮುಗಿದದ್ದು 2 ಮಾತ್ರ, ನೋಡೋಕೆ ಕಷ್ಟ ಆಯಿತು. ಆದರೆ ಬುಧವಾರ ಬೆಳಗ್ಗೆ ನಮ್ಮಲ್ಲಿ ಅತಿ ಕಡಿಮೆ ಮಾತಾಡೋ ಹುಡುಗಿ ತಾನಾಗಿ ಬಂದು "ಸರ್, ಇದು ನನ್ನ ಕೈಲಿ ಆಗ್ತಿಲ್ಲ, ಯಾರಾದರೂ ಕೂರ್ತೀರಾ" ಅಂದಳು. ಮಧ್ಯಾಹ್ನದೊಳಗೆ ಅದು ಬಗೆಹರಿಯಿತು. ಮುಂಚೆ ಆಗಿದ್ದರೆ ಎರಡು ವಾರ 90 ಪರ್ಸೆಂಟ್‌ನಲ್ಲೇ ಕೂತಿರುತ್ತಿತ್ತು.

ವೇಬ್ರಿಡ್ಜ್ ಹುಡುಗ ಹೋಗೋದು ಖಚಿತ. ನೋಟಿಸ್ ಅವಧಿಯಲ್ಲಿ ಇಬ್ಬರಿಗೆ ಕಲಿಸುತ್ತಿದ್ದಾನೆ, ಚೆನ್ನಾಗಿ ಕಲಿಸುತ್ತಿದ್ದಾನೆ.

ಒಂದು ಸಮಸ್ಯೆ ಉಳಿದಿದೆ. 4 ಫ್ರೆಶರ್ಸ್‌ಗೆ ಆಫರ್ ಲೆಟರ್ ಆಗಲೇ ಹೋಗಿಬಿಟ್ಟಿದೆ. ಮುಂದಿನ ವಾರ ಬರುತ್ತಾರೆ. ಮಕ್ಕಳಿಗೆ ಬರಬೇಡಿ ಅನ್ನೋಕೆ ಆಗಲ್ಲ.

ಕೋಟೆ ಊರಿನವಳು

ಬರಲಿ. ಕೋಡಿನ ಆಕ್ಸೆಸ್ ಓದೋಕೆ ಮಾತ್ರ ಕೊಡಿ. ಚಳ್ಳಕೆರೆಯವರು ಮೊದಲೇ ಹೇಳಿದ ಹಾಗೆ ಯಾರ್ಡಿಗೆ ಕಳಿಸಿ, ಇಬ್ಬಿಬ್ಬರು ಒಂದೊಂದು ಅಂಗಡಿಯಲ್ಲಿ. ಹಳೇ ಪುಸ್ತಕದ ಹೆಸರುಗಳನ್ನು ತುಂಬಿಸಲಿ, ಗುಮಾಸ್ತರ ಪಕ್ಕದಲ್ಲಿ ಕೂತು ಅವರು ಎಲ್ಲಿ ತಡವರಿಸುತ್ತಾರೆ ಅಂತ ಬರೆದುಕೊಳ್ಳಲಿ. ಲಾಟ್ ಅಂದರೇನು, ಪಟ್ಟಿ ಅಂದರೇನು ಅಂತ ಕಲಿತು ಬಂದವರಿಗೆ ದೀಪಾವಳಿ ಆದ ಮೇಲೆ ಕೋಡ್ ಬೇಗ ಅರ್ಥ ಆಗುತ್ತೆ. ಸಂಜೆ ಒಬ್ಬ ಸೀನಿಯರ್ ಅರ್ಧ ಗಂಟೆ ಅವರ ಜೊತೆ ಕೂರಬೇಕು, ಅದನ್ನು ತಪ್ಪಿಸಬೇಡಿ.

ಮಂಡಕ್ಕಿ ಮಿರ್ಚಿ

ಇನ್ನೊಂದು ಕೆಲಸ ಕೊಡಿ ಸರ್. ಹೊಸ ಲ್ಯಾಪ್‌ಟಾಪಿನಲ್ಲಿ ಪ್ರಾಜೆಕ್ಟ್ ಸೆಟಪ್ ಮಾಡೋ ಸೂಚನೆಗಳನ್ನು ಅವರೇ ಓದಿಕೊಂಡು ಮಾಡಲಿ, ಎಲ್ಲಿ ನಿಂತರೋ ಆ ಸಾಲನ್ನು ಅವರೇ ತಿದ್ದಲಿ. ನನಗೆ ಸೇರಿದಾಗ ಮೊದಲು ಸಿಕ್ಕ ಕೆಲಸ ಇದೇ. ಮೊದಲ ವಾರವೇ ತಂಡಕ್ಕೆ ಉಪಯೋಗ ಆಗೋದು ಏನೋ ಮಾಡಿದೆ ಅನ್ನಿಸಿತ್ತು.

ಚಳ್ಳಕೆರೆ ಕಡೆಯವ

ಯಾರ್ಡಿಗೆ ಕಳಿಸೋ ಮುಂಚೆ ಅಂಗಡಿಗಳಲ್ಲಿ ಯುಪಿಎಸ್ ಇದೆಯಾ ವಿಚಾರಿಸಿ. ಲಾಟ್ ಹೊಡೆಯುವಾಗ ಕರೆಂಟ್ ಹೋದರೆ ಅರ್ಧ ಎಂಟ್ರಿ ಏನಾಗುತ್ತೆ ಅಂತ ನಿಮ್ಮ ಗೋಡೆಯ ಪಟ್ಟಿಗೂ ಸೇರಿಸಿ. ನಮ್ಮ ಒಂದು ಕ್ಲೈಂಟ್ ಹತ್ತಿರ ಮೊದಲ ವಾರದ ಗಲಾಟೆ ಎಲ್ಲ ಅದರಿಂದಲೇ ಆಗಿದ್ದು.

ಹದಡಿ ರೋಡ್

ಇದು ನಮ್ಮ ಯಾರ ತಲೆಗೂ ಬಂದಿರಲಿಲ್ಲ ಅಣ್ಣಾ. ನಾಳೆ ಬೆಳಗ್ಗೆಯೇ ಪ್ಲಗ್ ಕಿತ್ತು ನೋಡುತ್ತೇವೆ. ಶನಿವಾರದ ಡೆಮೊ ಆದ ಮೇಲೆ ಇಲ್ಲೇ ಬರೆಯುತ್ತೇನೆ.